ಮಿದುಳಿಗೆ ಹಸಿರು ಚುಕ್ಕಿ

ನಮ್ಮ ಕುಟುಂಬದಲ್ಲಿ ಯಾರ ತಲೆಯೊಳಗೆ ಏನನ್ನು ಹಾಕಬೇಕು ಎಂಬುದನ್ನು ಕುಟುಂಬ ಮಂಡಳಿಯೇ ನಿರ್ಧರಿಸುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಕವಲುಗಳಿಂದ ಒಬ್ಬೊಬ್ಬರು ಹಾಜರಿದ್ದರೆ ಮಾತ್ರ ಸಭೆ ಸಿಂಧು. ಕುಮಟಾದ ಜಯಶ್ರೀ ಎಂಬ ನಾನು ಅದರ ಅಧ್ಯಕ್ಷೆ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ., ಪ್ರಥಮ ದರ್ಜೆ. ಪದವಿಯನ್ನು ಇಲ್ಲಿ ನಮೂದಿಸಿದ್ದು ಹೆಮ್ಮೆಗಲ್ಲ. ಮುಂದೆ ನಡೆದದ್ದು ತಿಳಿವಳಿಕೆಯ ಕೊರತೆಯಿಂದ ನಡೆಯಿತು ಎಂದು ಯಾರೂ ಭಾವಿಸಬಾರದು, ಅದಕ್ಕೆ.

ಕಳೆದ ಮಳೆಗಾಲದ ಕೊನೆಗೆ ನನ್ನ ಯಜಮಾನರಾದ ಕೃಷ್ಣಾನಂದರಿಗೆ ಮಿದುಳಿನ ರಕ್ತನಾಳ ಕಟ್ಟಿ ಬಲಭಾಗ ಸೋತು, ಮಾತು ನಿಂತಿತು. ಕಾಲು ಬೇಗ ಸುಧಾರಿಸಿತು, ಬಲಗೈ ಅರ್ಧ ಸುಧಾರಿಸಿತು, ಮಾತು ಬರಲಿಲ್ಲ. ವಂದನಾರ್ಪಣೆಗೆಂದು ಮೈಕು ಕೊಟ್ಟರೆ ಮುಖ್ಯ ಅತಿಥಿಗಿಂತ ಹೆಚ್ಚು ಹೊತ್ತು ಮಾತಾಡುತ್ತಿದ್ದ ಮನುಷ್ಯ ಈಗ ಬಾಯಿ ತೆರೆದು, ಪದಕ್ಕಾಗಿ ಕಾದು, ಮುಚ್ಚಿಕೊಳ್ಳುತ್ತಿದ್ದರು. ಕಾಯುವಷ್ಟು ಹೊತ್ತು ಅವರ ಕಣ್ಣು ನನ್ನ ಮೇಲಿರುತ್ತಿತ್ತು.

ನನ್ನ ಅಣ್ಣನ ಮಗಳು ಪ್ರಣಿತಾ ನರಗಳನ್ನು ಮತ್ತೆ ಬೆಳೆಸುವ ಸಂಶೋಧನೆಯಲ್ಲಿದ್ದಾಳೆ. ದೀಪಾವಳಿಗೆ ಬಂದವಳು ವಿಷಯ ತಿಳಿಸಿದಳು. ಗಾಯವಾದ ಮಿದುಳಿನಲ್ಲಿ ಒಂದು ಪೊಳ್ಳು ಉಳಿಯುತ್ತದೆ, ಅದನ್ನು ದಾಟಲು ನರದ ಎಳೆಗಳಿಗೆ ಆಸರೆ ಇರುವುದಿಲ್ಲ. ಅಲ್ಲಿ ಮೆತ್ತಗಿನ ಜೆಲ್ ತುಂಬಿದರೆ, ತೊಂಡೆ ಬಳ್ಳಿ ಚಪ್ಪರಕ್ಕೆ ಹಬ್ಬಿದ ಹಾಗೆ ಎಳೆಗಳು ಹಬ್ಬಬಹುದು; ಹಬ್ಬಿದ ಮೇಲೆ ಚಪ್ಪರ ತಾನೇ ಕರಗುತ್ತದೆ. ಇಲಿಗಳಲ್ಲಿ ಗುಣ ಕಂಡಿದೆ. ಮನುಷ್ಯರ ಮೇಲೆ ಈಗಷ್ಟೇ ಪರೀಕ್ಷೆ ಶುರುವಾಗಲಿದೆ. ಖಾತ್ರಿ ಏನೂ ಇಲ್ಲ, ಆದರೆ ವರ್ಷ ಮುಗಿಯುವುದರೊಳಗೆ ಮಾವನ ಹೆಸರು ಕೊಡಬಹುದು, ಕುಟುಂಬದ ಒಪ್ಪಿಗೆ ಬೇಕು ಎಂದಳು. ಕೃಷ್ಣಾನಂದರು ಎಡಗೈಯಿಂದ ಅವಳ ದುಪಟ್ಟಾದ ತುದಿ ಹಿಡಿದುಕೊಂಡರು. ಊಟಕ್ಕೆ ಕರೆದರೂ ಬಿಡಲಿಲ್ಲ.

ಇಷ್ಟಕ್ಕೇ ಸಹಿ ಹಾಕಬಹುದಿತ್ತು. ಆದರೆ ವಿಜ್ಞಾನ ಓದಿದವಳು ಸುಮ್ಮನಿರಬಾರದೆಂದು, ಜೆಲ್ಲನ್ನು ಎಂತದರಿಂದ ಮಾಡುತ್ತಾರೆ ಎಂದು ಕೇಳಿದೆ. ಸಿಗಡಿಯ ಚಿಪ್ಪಿನಿಂದ ಎಂದಳು.

ನಮ್ಮದು ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನು ಗೋಡೆಗೆ ಮುಖಮಾಡಿ ನೇತುಹಾಕುವ ಮನೆ. ಸಭೆ ಕರೆಯಲಾಯಿತು.

ಭಟ್ಕಳದಿಂದ ನಿವೃತ್ತ ಉಪತಹಶೀಲ್ದಾರ್ ಸುದರ್ಶನಣ್ಣ ಬಂದರು. ಹೊನ್ನಾವರದಿಂದ ನನ್ನ ಮೈದುನ, ರೇಷ್ಮೆ ಬಟ್ಟೆ ಅಂಗಡಿಯ ದಿನಕರ ಬಂದ. ಜೆಲ್ಲಿನ ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕಿ ಇದೆಯೇ ಎಂಬುದು ಸುದರ್ಶನಣ್ಣನ ಮೊದಲ ಪ್ರಶ್ನೆ.

"ಇದು ತಿಂಬದಲ್ಲ ಮಾವ, ತಲೆಯೊಳಗೆ ಇಡುದು," ಎಂದಳು ಪ್ರಣಿತಾ.

"ಕರಗ್ತು ಹೇಳಿ ನೀನೇ ಹೇಳಿದ್ದೆ. ಕರಗಿ ಎಲ್ಲಿಗೆ ಹೋಗ್ತು?"

"ಮೈಗೇ ಸೇರ್ತು."

"ಹಂಗಾರೆ ಉಂಡಂಗೇ ಆತು."

ಹೀಗೆ ಮೊದಲನೆಯ ನಿಯಮ ಅಂಗೀಕಾರವಾಯಿತು: ಮಿದುಳಿನಲ್ಲಿ ಕರಗುವ ಯಾವುದೇ ವಸ್ತುವನ್ನು ಆಹಾರವೆಂದೇ ಪರಿಗಣಿಸತಕ್ಕದ್ದು. ಮಿದುಳಿಗೆ ಹೊಟ್ಟೆ ಇಲ್ಲವೆಂಬುದು ನನಗೆ ಪದವಿ ಪ್ರಕಾರ ಗೊತ್ತಿತ್ತು. ಆದರೂ ಏಕಾದಶಿಯ ದಿನ ಕರಗತಕ್ಕದ್ದಲ್ಲ ಎಂಬ ತಿದ್ದುಪಡಿಯನ್ನು ಸೂಚಿಸಿದವಳು ನಾನೇ. ಕರಡಿನ ಭಾಷೆ ಚೆನ್ನಾಗಿದೆ ಎಂದು ಎಲ್ಲರೂ ಮೆಚ್ಚಿದರು.

ಸಮುದ್ರದ ಪಾಚಿಯಿಂದಲೂ ಇಂಥ ಜೆಲ್ ತಯಾರಿಸುವುದುಂಟು ಎಂದು ಪ್ರಣಿತಾ ಬಾಯ್ತಪ್ಪಿ ಹೇಳಿದಳು. ಪಾಚಿ ಹುಟ್ಟಿದಂದಿನಿಂದ ಮೀನಿನ ಸಹವಾಸದಲ್ಲಿದೆ ಎಂಬ ಕಾರಣಕ್ಕೆ ಅದು ಬಿದ್ದುಹೋಯಿತು. ರೇಷ್ಮೆಯದ್ದೂ ಉಂಟು ಎಂದಾಗ ದಿನಕರ ನೆಟ್ಟಗೆ ಕೂತ. ಪೂಜೆಗೆ ಉಡುವ ರೇಷ್ಮೆ ಮೈಮೇಲೆ ಮಡಿಯಾದರೆ ತಲೆಯೊಳಗೂ ಮಡಿಯೇ ಎಂದು ಮಂಡಿಸಿದ. ಬೇಯಿಸಿದ ಹುಳುಗಳ ವಿಷಯ ಕಾರ್ಯಸೂಚಿಯಲ್ಲಿ ಇರಲಿಲ್ಲ. ತನ್ನ ಅಂಗಡಿಯಿಂದಲೇ ಪೂರೈಸುವುದಾಗಿ ತಿಳಿಸಿ, ಅಂಚು ಇರಬೇಕೋ ಬೇಡವೋ ಎಂದು ವಿಚಾರಿಸಿದ. ಈ ಪರೀಕ್ಷೆಯಲ್ಲಿ ಇರುವುದು ಸಿಗಡಿಯ ಜೆಲ್ ಒಂದೇ ಎಂದು ಪ್ರಣಿತಾ ಹೇಳಿದ್ದನ್ನು ಗಮನಿಸಲಾಯಿತು.

ಎರಡನೆಯ ಸಭೆಯಲ್ಲಿ ತೊಡಕು ಎದ್ದಿತು. ಒಳಗೆ ರೇಷ್ಮೆ ಇರುವ ತಲೆ ಸದಾ ಮಡಿಯಲ್ಲಿರುವುದರಿಂದ ಅದನ್ನು ಸ್ನಾನ ಮಾಡದವರು ಮುಟ್ಟುವಂತಿಲ್ಲ. ದಿಂಬು ಹತ್ತಿಯದು, ಆಗುವುದಿಲ್ಲ. ಕ್ಷೌರಿಕನ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಯಿತು.

ಮಾವನನ್ನು ಯಾರಾದರೂ ಕೇಳಿದಿರಾ ಎಂದಳು ಪ್ರಣಿತಾ. ಸುದರ್ಶನಣ್ಣ ತಾಳ್ಮೆಯಿಂದ ವಿವರಿಸಿದರು: ತಕರಾರು ಇರುವುದೇ ಮಿದುಳಿನ ಬಗ್ಗೆ, ಅಭಿಪ್ರಾಯ ಬರುವುದೂ ಅದೇ ಮಿದುಳಿನಿಂದ, ಅಂಥ ಸಾಕ್ಷ್ಯ ನಿಲ್ಲುವುದಿಲ್ಲ. ಕೃಷ್ಣಾನಂದರು ಜೋರಾಗಿ ತಲೆಯಾಡಿಸಿದರು. ಅದನ್ನು ಕತ್ತಿನ ಚಲನೆ ಎಂದು ಬರೆದುಕೊಂಡೆ.

ಮೂರನೆಯ ಸಭೆಗೆ ಭಟ್ಕಳದವರಿಗೆ ರೈಲು ತಪ್ಪಿ, ಸಭೆ ಅಸಿಂಧುವಾಯಿತು.

ನಾಲ್ಕನೆಯದು ವರ್ಷದ ಕೊನೆಯ ದಿನ ಸೇರಿತು. ಸಂಜೆಯೊಳಗೆ ಹೆಸರು ಹೋಗದಿದ್ದರೆ ಪಟ್ಟಿ ಮುಚ್ಚುತ್ತದೆ, ಮುಂದಿನ ಪರೀಕ್ಷೆಯ ಹೊತ್ತಿಗೆ ಗಾಯ ಹಳತಾಗಿರುತ್ತದೆ ಎಂದು ಹೇಳಿ ಪ್ರಣಿತಾ ಫೋನಿನಲ್ಲಿ ಕಾಯುತ್ತಿದ್ದಳು. ದಿನಕರ ರೇಷ್ಮೆ ದಿಂಬಿನ ಮಾದರಿ ತೋರಿಸುತ್ತಿದ್ದ. ಆಗ ಕೃಷ್ಣಾನಂದರು ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಬಾಯಿ ತೆರೆಯಿತು. ನಾವು ದಿಂಬು ನೋಡುತ್ತಿದ್ದೆವು.

"ಸಿಗಡಿ," ಎಂದರು. ಗಂಟಲಿನ ನರ ಉಬ್ಬಿ, ಕಣ್ಣಲ್ಲಿ ನೀರು ಬಂತು. "ಅಡ್ಡಿಲ್ಲೆ."

ಸುದರ್ಶನಣ್ಣ ಅಧ್ಯಕ್ಷರ ಅನುಮತಿಯಿಲ್ಲದೆ ಆಡಿದ ಮಾತೆಂದು ಮೊದಲು ಆಕ್ಷೇಪಿಸಿ, ಆಮೇಲೆ ಇನ್ನೂ ಆಳವಾದ ಅಂಶವನ್ನು ಗುರುತಿಸಿದರು. ಚಿಕಿತ್ಸೆ ಮಾತು ಬರಿಸಲಿಕ್ಕೆ. ಮಾತು ಬಂದಿದೆ. ಆದ್ದರಿಂದ ಚಿಕಿತ್ಸೆ ಅನಗತ್ಯ. ತರ್ಕದಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ, ಸಹಿ ಹಾಕಿದೆ. ಮಾವನ ಹೆಸರು ಬೇಡ, ಗುಣವಾಗಿದೆ ಎಂದು ಫೋನಿನಲ್ಲಿ ತಿಳಿಸಿದೆ. ಪ್ರಣಿತಾ "ಆತು ಅತ್ತೆ" ಎಂದು ಫೋನು ಇಟ್ಟುಬಿಟ್ಟಳು. ಎಲ್ಲರಿಗೂ ಪಾಯಸ ಬಡಿಸಲಾಯಿತು.

ಅಂದಿನಿಂದ ಅವರಿಗೆ ಮತ್ತೊಂದು ಪದ ಬಂದಿಲ್ಲ. ಮಂಡಳಿಯ ದಾಖಲೆಯಲ್ಲಿ ಅವರು ಗುಣಮುಖರು. ಕರ್ಕಿ, ಬೆಳಕೆ ಕಡೆಯ ಊರುಗಳಿಂದ ನೋಡಲು ಬರುವ ನೆಂಟರು ಹತ್ತಿರ ಕೂತು, ಆರಾಮವೇ ಎಂದು ಕೇಳುತ್ತಾರೆ. ಅವರು ನನ್ನನ್ನು ನೋಡುತ್ತಾರೆ. ಆರಾಮಿದ್ದಾರಂತೆ ಎಂದು ನಾನು ಹೇಳುತ್ತೇನೆ. ನೆಂಟರು ಚಾ ಕುಡಿದು, ಉಚ್ಚಾರ ಮೊದಲಿಗಿಂತ ಸ್ಪಷ್ಟವಾಗಿದೆ ಎಂದು ಮೆಚ್ಚಿ ಹೋಗುತ್ತಾರೆ.