ಸಂಪಿನೊಳಗಿನ ಬೀಗರ ಕಡೆಯವರು

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ! ಹುಟ್ಟಿ ಮೂರು ದಿನ, ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ದೊಮ್ಮಲೂರಿನ ಮನೆಗೆ ಬಂದಳು. ಮೂಗು ನನ್ನದೇ, ಯಾರು ಏನಾದರೂ ಹೇಳಿಕೊಳ್ಳಲಿ. ನೋಡಲು ಇಡೀ ಬೀದಿಯೇ ಬಂತು. ಸೊಸೆಯ ಅಪ್ಪ, ನಮ್ಮ ಬೀಗರೂ ಬಂದರು. ಬಂದವರು ಮಗು ನೋಡಿದರೇ? ಅಂಗಳದ ನೀರಿನ ಸಂಪಿನ ಮುಚ್ಚಳ ಎತ್ತಿ, ಟಾರ್ಚ್ ಹಾಕಿ, ಒಳಗೆ ತಲೆ ತೂರಿಸಿ ಕೂತರು.

“ಬೀಗ್ರೇ, ಮಗು ಒಳಗಡೆ ಇದೆ.”

“ಬಂದೆ ಅಕ್ಕಾರ. ಇಲ್ಲೂ ಹದಿನೈದು ಹುಟ್ಟ್ಯಾವ.”

ಇಂಥ ಬೀಗರು ನಿಮಗೆ ಯಾರಿಗಾದರೂ ಸಿಕ್ಕಿದ್ದಾರೆಯೇ?

ಅವರದು ರಾಯಚೂರು ಕಡೆ. ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್, ಒಂದೇ ಕೋಣೆಯ ಬಾಡಿಗೆ ಮನೆ. ಸೊಸೆಯ ಸೀಮಂತಕ್ಕೆ ಬಂದಾಗ ಎಲ್ಲರ ಕಣ್ಣೂ ಅವರ ಕೈಮೇಲೆ. ಸೀರೆಯೋ, ಬೆಳ್ಳಿ ಬಟ್ಟಲೋ ಅಂದುಕೊಂಡರೆ, ನೀರು ತುಂಬಿದ ಪ್ಲಾಸ್ಟಿಕ್ ಕವರು! ಅದರೊಳಗೆ ಅರ್ಧ ಬೆರಳುದ್ದದ ಗಪ್ಪಿ ಮೀನುಗಳು.

ನನ್ನ ನಾದಿನಿಯ ಬಾಯಿ ಗೊತ್ತಲ್ಲ. “ಅತ್ತಿಗೆ, ಇಷ್ಟರಲ್ಲಿ ಸಾರು ಮಾಡಿದ್ರೆ ಯಾರ ಬಾಯಿಗೂ ಸಾಲಲ್ಲ.”

“ಸಾರಿಗಲ್ರಿ, ಸಂಪಿಗೆ. ಸೊಳ್ಳಿ ಮರಿ ತಿಂತಾವ,” ಅಂದರು ಬೀಗರು. “ಇವು ತತ್ತಿ ಇಡಂಗಿಲ್ರಿ. ನಮ್ಮಂಗ ಮರೀನ ಹಡೀತಾವ.”

ಅಲ್ಲಿಂದ ಪ್ರತಿ ಭಾನುವಾರ ಹಾಜರ್. ಮಗಳನ್ನು ನೋಡಲು ಅಂತ ನಾನು ಅಂದುಕೊಂಡರೆ, ಮೀನು ನೋಡಲು ಅಂತ ಅವರು. ಹಡೆದ ಮೀನೇ ಮರಿಗಳನ್ನು ತಿಂದುಬಿಡುತ್ತದಂತೆ. ಅವು ಅಡಗಿಕೊಳ್ಳಲಿ ಅಂತ ಪ್ಲಾಸ್ಟಿಕ್ ಹಗ್ಗ ಬಿಚ್ಚಿ, ಕುಚ್ಚು ಕಟ್ಟಿ ಸಂಪಿನೊಳಗೆ ಇಳಿಬಿಟ್ಟರು. ಊಟಕ್ಕೆ ಕರೆದರೆ ಮಾತ್ರ ಹೊರಡಲು ಎದ್ದು ನಿಲ್ಲುತ್ತಿದ್ದರು.

“ಮಗಳಿಗೆ ಕೂಸು ಆಗೂತನಕ ಅಕಿ ಮನ್ಯಾಗ ಉಣ್ಣಂಗಿಲ್ರಿ. ನಮ್ಮ ಮನಿ ಪದ್ಧತಿ. ನೀರು ಕೊಡ್ರಿ ಸಾಕು.”

ಒಂದು ದಿನ ಕರೆಂಟ್ ಇಲ್ಲ. ಸಂಪಿನಿಂದ ಬಕೆಟ್‌ನಲ್ಲಿ ಸೇದಿದ ನೀರನ್ನೇ ನಮ್ಮ ಯಜಮಾನರು ಸುರಿದುಕೊಂಡರು. ಬಚ್ಚಲಿಂದ ಕೂಗು ಕೇಳಿತು: “ಲೇ, ನಿನ್ನ ಬೀಗ್ರ ಕಡೆಯವ್ರು ನನ್ನ ತಲೆ ಮೇಲೆ ಕೂತವ್ರೆ!”

ನನಗೂ ಸಾಕಾಗಿತ್ತು. ಸಂಪು ಖಾಲಿ ಮಾಡಿಸಿ ತೊಳೆಸಿಬಿಡೋಣ ಅಂತ ಬ್ಲೀಚಿಂಗ್ ಪೌಡರ್ ತರಿಸಿದೆ. ತುಂಬು ಬಸುರಿ ಸೊಸೆ ಬಂದು ಮುಚ್ಚಳದ ಮೇಲೆ ಕೂತುಬಿಟ್ಟಳು.

“ಅತ್ತೆ, ನಮ್ಮಮ್ಮ ಡೆಂಗ್ಯೂ ಬಂದು ಹೋಗಿದ್ದು. ಆಗ ನಂಗೆ ಆರು ವರ್ಷ. ನಮ್ಮನೆ ನೀರಿನ ಡ್ರಮ್ಮಲ್ಲೇ ಸೊಳ್ಳೆ ಮರಿ ಇದ್ವು. ಅದನ್ನ ಮುಚ್ಚೋದು ಅಪ್ಪ ಮರ್ತಿದ್ರು.”

ನಾನೂ ಅವಳ ಪಕ್ಕ ಕೂತೆ.

“ಬಾಣಂತನ ತವರಲ್ಲಿ ಆಗ್ಬೇಕು. ಅಮ್ಮ ಇಲ್ಲ, ಜಾಗ ಇಲ್ಲ. ಅವ್ರ ಕೈಲಾಗೋದು ಇದೊಂದೇ ಅತ್ತೆ.”

ಪೌಡರ್ ಪೊಟ್ಟಣ ಅಟ್ಟಕ್ಕೆ ಹೋಯಿತು. ಆಮೇಲಿಂದ ಟ್ಯಾಂಕರ್ ಬಂದರೆ ಅರ್ಧ ಸಂಪು ಮಾತ್ರ ತುಂಬಿಸುತ್ತೇನೆ. ಒಂದೇ ಸಲಕ್ಕೆ ಎಲ್ಲ ಹೊಸ ನೀರಾದರೆ ಅವಕ್ಕೆ ಆಗಿಬರುವುದಿಲ್ಲ ನೋಡಿ. ನಾದಿನಿ ನಗುತ್ತಾಳೆ, ನಗಲಿ.

ಇವತ್ತು ಬೀಗರು ಟಾರ್ಚ್ ಹಾಕಿ ಮೂಲೆಮೂಲೆ ನೋಡಿ, ಸೊಳ್ಳೆ ಮರಿ ಒಂದೂ ಇಲ್ಲ ಅಂತ ಖಾತ್ರಿಯಾದ ಮೇಲೆ ಎದ್ದರು. ಸೋಪು ಹಾಕಿ ಮೂರು ಸಲ ಕೈ ತೊಳೆದರು. ಆಮೇಲೇ ಕೂಸನ್ನು ಎತ್ತಿಕೊಂಡಿದ್ದು. ಸಂಜೆಯವರೆಗೂ ಕೆಳಗಿಳಿಸಲಿಲ್ಲ.

ದೀಪ ಹಚ್ಚಿದ ಮೇಲೆ ಎಲ್ಲರಿಗೂ ಸಾಲಾಗಿ ತಟ್ಟೆ ಇಟ್ಟೆ. ಸೊಸೆ ತನ್ನ ಪಥ್ಯದ ತಟ್ಟೆ ಹಿಡಿದು ಕೋಣೆ ಬಾಗಿಲಲ್ಲಿ ಕೂತಳು. ಬೀಗರು ಅಭ್ಯಾಸಬಲದಿಂದ ಚಪ್ಪಲಿ ಹುಡುಕುತ್ತಿದ್ದರು.

“ಕೂಸು ಆಯ್ತಲ್ಲ ಬೀಗ್ರೇ, ಇನ್ನೇನು ನೆಪ?”

ಬಂದು ಕೂತರು. ಮುದ್ದೆ ಮುರಿದು ಬಾಯಿಗಿಟ್ಟು ರೊಟ್ಟಿಯ ಹಾಗೆ ಅಗಿಯತೊಡಗಿದರು.

“ಅಗೀಬೇಡಿ ಬೀಗ್ರೇ, ನುಂಗಿ,” ಅಂದರು ಯಜಮಾನರು.

ಮನೆಯವರೆಲ್ಲ ನಕ್ಕರು, ಬೀಗರೂ ನಕ್ಕರು. ನಾನು ಎರಡನೇ ಮುದ್ದೆ ಇಟ್ಟೆ. ಬೇಡ ಅನ್ನಲಿಲ್ಲ.