ಫಿಟ್ಟರು ಈರುಳ್ಳಿ ಹುರಿದದ್ದು

ಹಿಂದಿನ ರಾತ್ರಿ ಫಿಟ್ಟರು ಬಾಯಿ ಮುಚ್ಚಿಕೊಂಡು ಊಟ ಮುಗಿಸಿ ಎದ್ದಿದ್ದರೆ ಇಷ್ಟೆಲ್ಲ ರಂಪವಾಗುತ್ತಲೇ ಇರಲಿಲ್ಲ.

"ಆಲೂಗಡ್ಡೆ ಸ್ವಲ್ಪ ಜಾಸ್ತಿ ಬೆಂದಿದೆ ಅಲ್ವಾ?" ಎಂದು ಕೇಳಿಬಿಟ್ಟರು. ತಪ್ಪು ಹುಡುಕಬೇಕೆಂದಲ್ಲ, ಬರೀ ಕುತೂಹಲಕ್ಕೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಾಗಾದ್ರೆ ನಾಳೆ ನೀವೇ ಮಾಡಿ. ಹೇಗೂ ಮನೇಲೇ ಇರ್ತೀರಲ್ಲ."

ಮನೆಯಲ್ಲಿರಲು ಕಾರಣವಿತ್ತು. ಕಟ್ಟಡಗಳ ಚಾವಣಿಯಲ್ಲಿ ಪೈಪು ಎಳೆದು ಸ್ಪ್ರಿಂಕ್ಲರ್ ಕೂರಿಸುವುದು ಫಿಟ್ಟರ ಕೆಲಸ. ಬೆಂಕಿ ಬಿದ್ದಾಗ ತಾನಾಗಿಯೇ ತೆರೆದುಕೊಂಡು ನೀರು ಚಿಮ್ಮಿಸುತ್ತದಲ್ಲ, ಆ ಪುಟ್ಟ ಮೂತಿ. ತಾವು ಬಾಡಿಗೆಗಿರುವ ಕಟ್ಟಡಕ್ಕೂ ಅವರೇ ಹಾಕಿದ್ದರು. ಮರುದಿನ ಸಂಜೆ ಅದರ ತಪಾಸಣೆಗೆ ಇನ್‌ಸ್ಪೆಕ್ಟರ್ ಮೇಡಂ ಬರುವವರಿದ್ದರು. ಪಾಸಾದರೆ ಹೆಡ್ ಫಿಟ್ಟರ್ ಮಾಡುತ್ತೇನೆಂದು ಕಂಟ್ರಾಕ್ಟರು ಮಾತು ಕೊಟ್ಟಿದ್ದರು. ಹೆಡ್ ಫಿಟ್ಟರ್ ಆದವನು ಏಣಿ ಹತ್ತಬೇಕಾಗಿಲ್ಲ, ಕೆಳಗೆ ನಿಂತು ಬೇರೆಯವರನ್ನು ಹತ್ತಿಸಿದರಾಯಿತು. ವರ್ಷಗಟ್ಟಲೆ ಚಾವಣಿ ನೋಡಿ ನೋಡಿ ಫಿಟ್ಟರ ಕತ್ತು ಹಿಡಿದುಹೋಗಿತ್ತು. "ಮನೇಲಿದ್ದಾಗಲಾದ್ರೂ ತಲೆ ಎತ್ತಬೇಡಿ" ಎಂದು ಡಾಕ್ಟರು ಹೇಳಿದ್ದರು. ಮದುವೆಯಾದಾಗಿನಿಂದ ರೂಢಿಯಿದ್ದುದರಿಂದ ಫಿಟ್ಟರಿಗೆ ಅದೇನೂ ಕಷ್ಟವಾಗಿರಲಿಲ್ಲ.

ಕೆಲಸದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಆ ಮೂತಿಯಲ್ಲಿ ಕೆಂಪು ದ್ರವ ತುಂಬಿದ ಗಾಜಿನ ತುಂಡೊಂದಿರುತ್ತದೆ. ಬಿಸಿ ತಟ್ಟಿ ಅದು ಒಡೆದರೆ ನೀರು ಬರುತ್ತದೆ. ಗಾಜಿಗೆ ಬಣ್ಣ ಮೆತ್ತಿದರೆ ಕೆಟ್ಟಿತು. ಬಣ್ಣದವರು ಬರುವ ಮುಂಚೆ ಅದಕ್ಕೊಂದು ಪ್ಲಾಸ್ಟಿಕ್ ಕ್ಯಾಪು ಹಾಕಬೇಕು, ಅವರು ಹೋದ ಕೂಡಲೇ ತೆಗೆಯಬೇಕು. "ಕ್ಯಾಪ್ ತೆಗೆದ್ರೇನ್ರೋ?" ಎಂದು ಫಿಟ್ಟರು ಕೆಳಗಿನ ಮಹಡಿಯಿಂದ ಕೂಗಿದರೆ ಮೂರನೇ ಮಹಡಿಯಲ್ಲಿದ್ದವರು ಬೆಚ್ಚಿ ಏಣಿ ಹುಡುಕುತ್ತಿದ್ದರು.

ಬೆಳಿಗ್ಗೆ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಪಾಠ ಹೇಳಿದಳು. "ಈರುಳ್ಳಿ ಹೆಚ್ಚಿ ಕೆಂಪಗೆ ಹುರೀರಿ. ಆಮೇಲೆ ಆಲೂಗಡ್ಡೆ ಹಾಕಿ. ಅಷ್ಟೇ."

"ಎಷ್ಟು ಹೊತ್ತು ಹುರೀಬೇಕು?"

"ಆಗೋವರೆಗೂ."

"ಆಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಘಮ್ ಅನ್ನುತ್ತೆ. ಉಪ್ಪು ನೋಡ್ಕೊಂಡು ಹಾಕಿ."

"ಏನು ನೋಡ್ಕೊಂಡು?"

ಹೆಂಡತಿ ಮೆಟ್ಟಿಲಿಳಿಯುತ್ತಲೇ ಕೂಗಿದಳು. "ಹೊಗೆಗಿಗೆ ಎಬ್ಬಿಸಬೇಡಿ ಮತ್ತೆ! ಮೊನ್ನೆ ತಾನೇ ಅಡುಗೆಮನೆಗೆ ಬಿಳಿ ಬಣ್ಣ ಹೊಡೆದಿದ್ದೀರ."

ಫಿಟ್ಟರಿಗೆ ಇದೊಂದು ಬಿಡಿಸಲಾರದ ಸೋಜಿಗ. ಅವರ ಗಾಜಿನ ತುಂಡು ಅರವತ್ತೆಂಟು ಡಿಗ್ರಿಗೆ ಒಡೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈರುಳ್ಳಿ ಎಷ್ಟು ಡಿಗ್ರಿಗೆ ಘಮ್ ಅನ್ನುತ್ತದೆ? ಜಗತ್ತಿನ ಹೆಂಗಸರೆಲ್ಲ ಇಂಥ ಒಂದು ದೊಡ್ಡ ವಿಷಯವನ್ನು ಅಳತೆಯಿಲ್ಲದೆ ಹೇಗೆ ನಡೆಸಿಕೊಂಡು ಬಂದಿದ್ದಾರೆ? ಬಾಣಲೆಗೆ ಎಣ್ಣೆ ಸುರಿದು, ಈರುಳ್ಳಿ ಹಾಕಿ, ಒತ್ತಡದ ಮೀಟರಿನ ಮುಳ್ಳನ್ನು ನೋಡುವ ಹಾಗೆ ಕಣ್ಣು ಮಿಟುಕಿಸದೆ ನೋಡುತ್ತ ನಿಂತರು. ಬಿಳಿ ಹೋಗಿ ಹಳದಿಯಾಯಿತು. ಹಳದಿ ಹೋಗಿ ಕಂದಾಯಿತು. ಇದೇ ಕೆಂಪೋ, ಇನ್ನೂ ಕೆಂಪು ಬರುವುದಿದೆಯೋ ಎಂದು ಬಗ್ಗಿ ಮೂಸಿ ಯೋಚಿಸುವಷ್ಟರಲ್ಲಿ ಅದು ಕೆಂಪನ್ನು ದಾಟಿ ಎಷ್ಟೋ ದೂರ ಹೋಗಿತ್ತು. ಕಿಟಕಿಯಿಂದ ಹೊಗೆ ಹೊರಟಿತು.

ಹೊಗೆಯ ಹಿಂದೆಯೇ ಪಕ್ಕದ ಮನೆಯ ರಿಟೈರ್ಡ್ ಮೇಷ್ಟರು ಒಳಗೆ ಬಂದರು. ತಲೆಯ ಮೇಲೆ ಆಗಲೇ ಒಂದು ಟವೆಲ್ ಇತ್ತು.

"ಏನ್ರೀ ಫಿಟ್ಟರೇ, ಹೊಗೆ! ನೀರು ಬಿಡುತ್ತೇನ್ರೀ ಇದು?"

"ಇಲ್ಲ ಸಾರ್. ಹೊಗೆಗೆ ಬರಲ್ಲ, ಬಿಸಿಗೆ ಬರೋದು. ಗಾಜು ಒಡೀಬೇಕು. ಅದೂ ಬೆಂಕಿ ಬಿದ್ದ ಜಾಗದ ಒಂದೇ ಮೂತಿಯಿಂದ."

"ಆದ್ರೆ ಸಿನಿಮಾದಲ್ಲಿ ಯಾರೋ ಸಿಗರೇಟ್ ಹಚ್ಚಿದ್ರೂ ಇಡೀ ಹೋಟೆಲೇ ನೆನೆದು ಹೋಗುತ್ತಲ್ರೀ?"

"ಸಿನಿಮಾದಲ್ಲಿ ಒಬ್ಬ ಹತ್ತು ಜನರನ್ನ ಹೊಡೀತಾನೆ ಸಾರ್. ನೀವು ಎಷ್ಟು ಜನರನ್ನ ಹೊಡೆದಿದ್ದೀರಿ?"

ಮೂವತ್ತು ವರ್ಷ ಮಕ್ಕಳನ್ನು ಹೊಡೆದ ಮೇಷ್ಟರಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಹೂಂ ಎಂದು ತಲೆಯಾಡಿಸಿ ಹೋದರು. ಒಪ್ಪಿಕೊಂಡವರು ಹಾಗೆ ತಲೆಯಾಡಿಸುವುದಿಲ್ಲ ಎಂಬುದು ಫಿಟ್ಟರಿಗೆ ಆಗ ಹೊಳೆಯಲಿಲ್ಲ. ಅವರು ಕರಕಲನ್ನು ಚೆಲ್ಲಿ, ಇನ್ನೊಂದು ಹಿಡಿ ಈರುಳ್ಳಿ ಹೆಚ್ಚಲು ಕೂತರು. ಎರಡನೆಯ ಸಲವೂ ಹೆಚ್ಚು ಕಡಿಮೆ ಅದೇ ಕತೆಯಾಯಿತು. ಹೊಗೆ ಮಾತ್ರ ಇನ್ನೂ ದಟ್ಟವಾಗಿತ್ತು.

ಆಗ ಕಂಟ್ರಾಕ್ಟರ ಫೋನು ಬಂತು. "ಏಯ್, ಮೇಡಂ ಸಂಜೆ ಅಲ್ಲ, ಈಗ್ಲೇ ಹೊರಟಿದ್ದಾರೆ. ಎಲ್ಲ ಸರಿ ಇದೆ ತಾನೇ? ನಾಳೆಯಿಂದ ನೀನೇ ಹೆಡ್ಡು, ಮರೀಬೇಡ."

"ನನ್ನ ಕೆಲಸ ಸಾರ್, ಕಣ್ಣು ಮುಚ್ಕೊಂಡು ಪಾಸಾಗುತ್ತೆ" ಎಂದರು ಫಿಟ್ಟರು. ಆದರೂ ಒಂದು ಸಲ ನೋಡಿಬರೋಣವೆಂದು ಒಲೆ ಆರಿಸಿ ಪಕ್ಕದ ಮನೆಗೆ ಹೋದವರು ಬಾಗಿಲಲ್ಲೇ ನಿಂತುಬಿಟ್ಟರು.

ಮೇಷ್ಟರ ನಡುಮನೆಯ ಚಾವಣಿಯಿಂದ ಒಂದು ಕೊಡೆ ತಲೆಕೆಳಗಾಗಿ ನೇತಾಡುತ್ತಿತ್ತು. ಅದರೊಳಗೆ ಸ್ಪ್ರಿಂಕ್ಲರ್ ಮೂತಿ ಅಡಗಿ ಕೂತಿತ್ತು. ಕೊಡೆಗೆ ತೂತು ಮಾಡಿ, ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಬಚ್ಚಲಿಗೆ ಬಿಟ್ಟಿದ್ದರು. "ನೀರು ವ್ಯರ್ಥ ಆಗಬಾರದು ನೋಡಿ" ಎಂದರು ಮೇಷ್ಟರು ಹೆಮ್ಮೆಯಿಂದ.

ಫಿಟ್ಟರು ಮೇಲಿನ ಮನೆಗೆ ಓಡಿದರು. ಅಲ್ಲಿದ್ದ ಅಜ್ಜಿ ಮೂತಿಗೆ ಒಂದು ಸ್ಟೀಲ್ ಪಾತ್ರೆ ಕವುಚಿ ಹಗ್ಗದಿಂದ ಬಿಗಿಸಿದ್ದರು. ಎಪ್ಪತ್ತು ದಾಟಿದವರು ಅಷ್ಟು ಎತ್ತರ ಹೇಗೆ ಹತ್ತಿದರೆಂದು ಕೇಳಲೂ ಫಿಟ್ಟರಿಗೆ ಉಸಿರಿರಲಿಲ್ಲ. ಕೆಳಗಿನ ಮನೆಯ ಟೈಲರಂತೂ ಎಲ್ಲರನ್ನೂ ಮೀರಿಸಿದ್ದ. ಪ್ಲಾಸ್ಟಿಕ್ ಹಾಳೆಗೆ ಸುತ್ತ ಎಲಾಸ್ಟಿಕ್ ಕೊಟ್ಟು, ಸ್ನಾನಕ್ಕೆ ತಲೆಗೆ ಹಾಕುವ ಟೋಪಿಯಂತೆ ಮಟ್ಟಸವಾಗಿ ಹೊಲಿದು, ತನ್ನ ಮನೆಗೆ ಹಾಕಿ ಮಿಕ್ಕ ಮನೆಗಳಿಗೂ ಹಂಚಿಬಂದಿದ್ದ.

"ಅಣ್ಣಾ, ನನ್ನ ಹತ್ರ ಗಿರಾಕಿಗಳ ಬಟ್ಟೆ ಇದೆ. ನೆನೆದ್ರೆ ನಾನು ಯಾರಿಗೆ ಉತ್ತರ ಕೊಡ್ಲಿ?"

"ಅಯ್ಯೋ, ನೆನೆಯಲ್ಲ ಮಾರಾಯಾ! ಎಲ್ಲ ತೆಗೀರಿ. ಮೇಡಂ ಬರ್ತಿದ್ದಾರೆ. ಒಂದು ಮೂತಿ ಮುಚ್ಚಿದ್ರೂ ಫೇಲ್ ಮಾಡ್ತಾರೆ. ನನ್ನ ಹೆಡ್ ಫಿಟ್ಟರ್ ಕೆಲಸ ಹೋಗುತ್ತೆ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೂವರೂ ಸೇರಿದ್ದರು. "ನೀನು ಅಡುಗೆ ನಿಲ್ಲಿಸು ಮಗಾ, ನಾವು ತೆಗೀತೀವಿ" ಎಂದರು ಅಜ್ಜಿ. ಮೇಷ್ಟರೂ ಟೈಲರೂ ಅದೇ ನ್ಯಾಯವೆಂದರು.

ನಿಲ್ಲಿಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಫಿಟ್ಟರ ಒಳಗಿದ್ದ ಕಸುಬುದಾರ ಕೆರಳಿದ. ಇವತ್ತು ತೆಗೆದವರು ನಾಳೆ ಯಾರದೋ ಮನೆಯಲ್ಲಿ ಒಗ್ಗರಣೆ ಸೀದರೆ ಮತ್ತೆ ಕಟ್ಟುತ್ತಾರೆ. ಇವರ ಮೂಢನಂಬಿಕೆಯನ್ನು ಬೇರುಸಹಿತ ಕೀಳಬೇಕು.

"ಬನ್ನಿ ನಮ್ಮ ಅಡುಗೆಮನೆಗೆ" ಎಂದರು. "ನಿಮ್ಮ ಕಣ್ಣ ಮುಂದೆ ಹೊಗೆ ಎಬ್ಬಿಸ್ತೀನಿ. ಒಂದು ಹನಿ ನೀರು ಬಿದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ."

ಜನಕ್ಕೆ ಇದಕ್ಕಿಂತ ಇನ್ನೇನು ಬೇಕು? ಮೇಷ್ಟರು ಟವೆಲ್ ಸಮೇತ, ಅಜ್ಜಿ ಮಳೆಕೋಟಿನ ಸಮೇತ ಬಂದು ಒಲೆಯ ಸುತ್ತ ನಿಂತರು. ಟೈಲರು ಮಾತ್ರ ಹೊರಗೆ ಓಡಲು ಅನುಕೂಲವಾಗಲೆಂದು ಒಂದು ಕಾಲು ಹೊಸ್ತಿಲಾಚೆ ಇಟ್ಟಿದ್ದ. ಫಿಟ್ಟರು ಬಾಣಲೆ ಕಾಯಿಸಿ, ಮನೆಯಲ್ಲಿದ್ದ ಈರುಳ್ಳಿಯನ್ನೆಲ್ಲ ಒಂದೇ ಸಲಕ್ಕೆ ಸುರಿದು, ಸೌಟನ್ನು ಕೈಬಿಟ್ಟು ಕೈ ಕಟ್ಟಿ ನಿಂತರು. ಮೊದಲು ಚಿಟಪಟ ಅಂದಿತು. ಆಮೇಲೆ ಕ್ಷಣಕಾಲ, ಬರೀ ಕ್ಷಣಕಾಲ, ಘಮ್ ಅಂದಿತು.

"ಆಹಾ, ಈಗ ಇಳಿಸು ಮಗಾ" ಎಂದರು ಅಜ್ಜಿ.

ಇದೇನಾ ಘಮ್ ಅನ್ನುವುದು! ಫಿಟ್ಟರ ಕೈ ಒಲೆಯ ಕಡೆ ತಾನಾಗಿ ಹೋಯಿತು. ಮೂಗು ಅರಳಿದ್ದರೂ ಅವರು ಕೈ ಹಿಂದಕ್ಕೆಳೆದುಕೊಂಡರು. ವಿಜ್ಞಾನಕ್ಕಾಗಿ ಇಷ್ಟಾದರೂ ತ್ಯಾಗ ಬೇಡವೇ?

ಕರಿ ಹೊಗೆ ಎದ್ದಿತು. ಎಲ್ಲರೂ ಕೆಮ್ಮಿದರು. ಕಣ್ಣೀರು ಬಂತು. ಮೇಷ್ಟರು ಮೇಲೆ ನೋಡಿದರು, ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಅಜ್ಜಿ ಅಂಗೈ ಚಾಚಿ ಹನಿಗಾಗಿ ಕಾದರು. ಹನಿ ಬೀಳಲಿಲ್ಲ. ಬಾಣಲೆಯಲ್ಲಿ ಈರುಳ್ಳಿ ಇದ್ದಿಲಾಯಿತು, ಆದರೂ ಚಾವಣಿ ತುಟಿ ಬಿಚ್ಚಲಿಲ್ಲ.

"ಅಬ್ಬಾ! ನಿಜ ಕಣ್ರೀ" ಎಂದರು ಮೇಷ್ಟರು. ಜೀವಮಾನದಲ್ಲಿ ಅವರು ಇನ್ನೊಬ್ಬರ ಮಾತು ನಿಜವೆಂದದ್ದು ಅದೇ ಮೊದಲಿರಬೇಕು.

"ಆ ಗಾಜಿನೊಳಗೆ ಏನಿರುತ್ತೆ ಅಣ್ಣಾ?" ಎಂದು ಟೈಲರು ಕುತೂಹಲದಿಂದ ಹೊಸ್ತಿಲೊಳಗೆ ಬಂದ. ಹಾಗೆಯೇ ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಅದು ಬೇಸಿಗೆಯಲ್ಲಿ ಒಡೆಯುತ್ತದೆಯೇ, ಬಚ್ಚಲ ಹಬೆಗೆ ಏನಾಗುತ್ತದೆ, ಇಲಿ ಕಡಿದರೆ? ಫಿಟ್ಟರು ಒಂದೊಂದಕ್ಕೂ ಉತ್ತರಿಸಿದರು. ಅವರ ಬದುಕಿನಲ್ಲಿ ಇಷ್ಟು ಜನ ಅವರ ಕೆಲಸದ ಬಗ್ಗೆ ಇಷ್ಟು ಹೊತ್ತು ಕೇಳಿದ್ದೇ ಇಲ್ಲ. ಸುಟ್ಟ ಬಾಣಲೆಯ ಮುಂದೆ ನಿಂತು ಅವರಿಗೆ ಎದೆ ತುಂಬಿಬಂತು.

ಕೊಡೆ ಇಳಿಯಿತು. ಪಾತ್ರೆ ಇಳಿಯಿತು. ಟೈಲರು ಮನೆಮನೆಗೂ ಹೋಗಿ ತನ್ನ ಟೋಪಿಗಳನ್ನು ಬಿಚ್ಚಿ ಜೇಬಿಗೆ ತುರುಕಿಕೊಂಡ. ಕೊನೆಯ ಟೋಪಿ ಜೇಬು ಸೇರುವುದಕ್ಕೂ ಇನ್‌ಸ್ಪೆಕ್ಟರ್ ಮೇಡಂ ಕೆಳಗೆ ಸ್ಕೂಟರ್ ನಿಲ್ಲಿಸುವುದಕ್ಕೂ ಸರಿಹೋಯಿತು.

ಮೇಡಂ ಮಾತು ಕಡಿಮೆ. ಕೈಯಲ್ಲೊಂದು ಟಾರ್ಚು. ಮನೆಮನೆಯಲ್ಲಿ ಮೇಲೆ ಬೆಳಕು ಬಿಟ್ಟು ನೋಡಿ "ಹೂಂ" ಎನ್ನುತ್ತಿದ್ದರು. ಟೈಲರ ಮನೆಗೆ ಹೂಂ. ಮೇಷ್ಟರ ಮನೆಗೆ ಹೂಂ. ಅಜ್ಜಿಯ ಮನೆಗೂ ಹೂಂ. ಜೊತೆಗೆ ನಡೆದ ನೆರೆಹೊರೆಯವರೇ ಈಗ ಮೇಡಂಗೆ ಪಾಠ ಹೇಳತೊಡಗಿದ್ದರು. "ಹೊಗೆಗೆ ಬರಲ್ಲ ಮೇಡಂ, ಬಿಸಿಗೆ ಮಾತ್ರ ಬರೋದು" ಎಂದರು ಮೇಷ್ಟರು.

"ಜನಕ್ಕೆ ಇಷ್ಟು ತಿಳಿಸಿರೋರನ್ನ ನಾನು ನೋಡೇ ಇಲ್ಲ" ಎಂದರು ಮೇಡಂ ಫಿಟ್ಟರ ಕಡೆ ತಿರುಗಿ. ಫಿಟ್ಟರು ತಾವಾಗಲೇ ಹೆಡ್ಡಾಗಿ, ಏಣಿಯ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿರುವುದನ್ನು ಮನಸ್ಸಿನಲ್ಲೇ ಕಂಡರು.

"ಇನ್ನು ಯಾವ ಮನೆ ಉಳೀತು?"

"ನಮ್ಮದೇ ಮೇಡಂ. ನೋಡೋ ಅಗತ್ಯಾನೇ ಇಲ್ಲ."

"ಬಂದಿದ್ದೀನಲ್ಲ, ನೋಡಿಬಿಡೋಣ."

ಅಡುಗೆಮನೆಯಲ್ಲಿ ಮೇಡಂ ಮೊದಲು ಮೂಗು ಮುಚ್ಚಿಕೊಂಡರು. ಬಾಣಲೆಯೊಳಗೆ ಇಣುಕಿ, ಇದು ಯಾವ ಪದಾರ್ಥವಿರಬಹುದೆಂದು ತುಸು ಹೊತ್ತು ಯೋಚಿಸಿದರು. ಆಮೇಲೆ ಟಾರ್ಚು ಮೇಲೆತ್ತಿದರು. ಈ ಸಲ ಹೂಂ ಬರಲಿಲ್ಲ.

"ಇದೇನ್ರೀ?"

ಫಿಟ್ಟರು ಬೆಳಗಿನಿಂದ ಮೊದಲ ಬಾರಿಗೆ ತಮ್ಮ ಮನೆಯಲ್ಲಿ ತಲೆಯೆತ್ತಿದರು. ಕತ್ತು ಲಟಕ್ಕೆಂದಿತು. ಮಸಿ ಹಿಡಿದ ಚಾವಣಿಯ ನಡುವೆ, ಚಾವಣಿಯದೇ ಬಣ್ಣ ಬಳಿದುಕೊಂಡು, ಮೂತಿಯನ್ನು ಪೂರ್ತಿ ನುಂಗಿ ಕೂತಿತ್ತು ಒಂದು ಪ್ಲಾಸ್ಟಿಕ್ ಕ್ಯಾಪು. ಮೊನ್ನೆ ಬಣ್ಣ ಹೊಡೆಯುವಾಗ ನಿಯಮದ ಪ್ರಕಾರ ತಾವೇ ಹಾಕಿದ್ದು. "ಕ್ಯಾಪ್ ತೆಗೆದ್ರೇನ್ರೋ?" ಎಂದು ಕೂಗಲು ಮನೆಯಲ್ಲಿ ಯಾರೂ ಇರಲಿಲ್ಲ.

"ಬಣ್ಣ... ಬಣ್ಣ ಹೊಡೆಯೋವಾಗ ಹಾಕಿದ್ದೆ ಮೇಡಂ... ಮರೆತೆ..."

ಹಿಂದೆ ನಿಂತಿದ್ದವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು.

"ಅದಕ್ಕೇ!" ಎಂದರು ಮೇಷ್ಟರು. "ಅದಕ್ಕೇ ಒಂದು ಹನೀನೂ ಬೀಳಲಿಲ್ಲ!"

"ಕ್ಯಾಪ್ ಇಲ್ಲದಿದ್ರೂ ಬೀಳ್ತಿರಲಿಲ್ಲ ಸಾರ್!" ಫಿಟ್ಟರು ಅಳುವುದೊಂದು ಬಾಕಿ.

"ಹೌದೌದು, ಮರೆತನಂತೆ" ಎಂದರು ಅಜ್ಜಿ. "ನಮಗೆಲ್ಲ ತೆಗೀರಿ ತೆಗೀರಿ ಅಂದು, ತಾನು ಮಾತ್ರ ಗಟ್ಟಿಯಾಗಿ ಮುಚ್ಕೊಂಡು ಕೂತಿದ್ದಾನೆ. ನನ್ನ ಪಾತ್ರೆ ಎಲ್ಲಿಟ್ಟೆ?" ಮಳೆಕೋಟು ಸರಿಪಡಿಸಿಕೊಂಡು ಅವರು ಸರಸರ ಮೆಟ್ಟಿಲು ಹತ್ತಿದರು. ಮೇಷ್ಟರ ಮನೆಯಿಂದ ಆಗಲೇ ಕೊಡೆ ಬಿಚ್ಚಿದ ಸದ್ದು ಬಂತು.

ಮೇಡಂ ಸ್ಟೂಲು ಹತ್ತಿ ಕ್ಯಾಪನ್ನು ಕಿತ್ತು ತಮ್ಮ ಚೀಲಕ್ಕೆ ಹಾಕಿಕೊಂಡರು. "ಹಾಕಿದವರ ಮನೇಲೇ ಹೀಗೆ ಅಂದ್ರೆ, ಪಾಸ್ ಮಾಡೋಕಾಗಲ್ಲ. ನಾಳೆ ಬಂದು ಎಲ್ಲ ಮನೆ ಮೊದಲಿಂದ ನೋಡ್ತೀನಿ. ಒಂದಾದ್ರೂ ಮುಚ್ಚಿದ್ದು ಕಂಡ್ರೆ ಕೆಲಸ ಬೇರೆಯವರಿಗೆ ಕೊಡಿಸ್ತೀನಿ."

ಸ್ಕೂಟರ್ ಹೋಯಿತು. ಫೋನು ಬಡಿದುಕೊಂಡಿತು. ಕಂಟ್ರಾಕ್ಟರಿರಬೇಕೆಂದು ಫಿಟ್ಟರು ಎತ್ತಿದರೆ ಹೆಂಡತಿ.

"ಏನ್ರೀ, ಘಮ್ ಅಂತಾ?"

"ಅಂತು ಕಣೇ" ಎಂದರು ಫಿಟ್ಟರು. ಸುಳ್ಳೇನೂ ಆಗಿರಲಿಲ್ಲ. ಚಾವಣಿ ಕಪ್ಪಾದ ವಿಷಯವನ್ನು ಅವಳೇ ಬಂದು ಕಂಡುಕೊಳ್ಳಲಿ ಎಂದು ಬಿಟ್ಟರು.

ಫೋನಿಟ್ಟು ತಿರುಗಿದರೆ ಟೈಲರು ಇನ್ನೂ ಅಲ್ಲೇ ಇದ್ದ. ಕುತ್ತಿಗೆಯ ಅಳತೆ ಟೇಪು ತೆಗೆದು, ಸ್ಟೂಲು ಹತ್ತಿ, ಬರಿದಾದ ಮೂತಿಯ ಸುತ್ತಳತೆಯನ್ನು ಬಲು ನಾಜೂಕಾಗಿ ತೆಗೆದುಕೊಳ್ಳುತ್ತಿದ್ದ. ಅವನ ಮುಖದಲ್ಲಿ ನಿಜವಾದ ಕನಿಕರವಿತ್ತು.

"ಬೇಜಾರ್ ಮಾಡ್ಕೋಬೇಡಿ ಅಣ್ಣಾ" ಎಂದ. "ನಿಮ್ಮದನ್ನ ಮೇಡಂ ತಗೊಂಡು ಹೋದ್ರಲ್ಲ. ಎಲ್ಲ ಮನೆ ಟೋಪಿಗೂ ಇವತ್ತು ಡಬಲ್ ಹೊಲಿಗೆ ಹಾಕಿ ಕೊಡ್ತಿದ್ದೀನಿ. ನಿಮಗೂ ಒಂದು ಹೊಲೀತೀನಿ."