ಒಂದೇ ಪುಸ್ತಕಕ್ಕೆ ಎರಡು ತೀರ್ಪು

ನಾನು ಮಾಡಿದ ತಪ್ಪಿನ ಫಲವನ್ನು ಉಂಡವರು ಚಿಕ್ಕೋಡಿಯ ಟೈಪಿಸ್ಟ್ ಮಾಲುತಾಯಿ. ನಾನಲ್ಲ, ನನ್ನ ಮಾರ್ಗದರ್ಶಕರಲ್ಲ, ನೂರು ಪುಸ್ತಕಗಳ ಟಿಪ್ಪಣಿಸಹಿತ ಗ್ರಂಥಸೂಚಿ ಇಲ್ಲದೆ ಎಂ.ಫಿಲ್. ಪ್ರಬಂಧವನ್ನು ಮುಟ್ಟುವುದಿಲ್ಲವೆಂದ ವಿಶ್ವವಿದ್ಯಾಲಯವಂತೂ ಅಲ್ಲವೇ ಅಲ್ಲ. ಶ್ರಮವನ್ನು ಕೆಳಗಿನವರ ಹೆಗಲಿಗೆ ದಾಟಿಸಿ ಕೀರ್ತಿಯನ್ನು ಮೇಲಿನವರು ಹಂಚಿಕೊಳ್ಳುವ ವ್ಯವಸ್ಥೆಯ ವಿರುದ್ಧ ಸಭೆಯಿಂದ ಸಭೆಗೆ ಭಾಷಣ ಮಾಡುತ್ತ ಬಂದ ನಾನು, ಅದೇ ವ್ಯವಸ್ಥೆಯನ್ನು ಸ್ವಂತ ಖರ್ಚಿನಲ್ಲಿ ನಡೆಸಿದ್ದು ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ.

ನನ್ನ ವಿಷಯ, ಕೃಷ್ಣಾ ತೀರದ ಕುರಿಗಾರ ಹೆಂಗಸರ ದುಡಿಮೆ. ಸೂಚಿಯಲ್ಲಿ ಪ್ರತಿ ಪುಸ್ತಕದ ಹೆಸರಿನ ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ ಇರಬೇಕು: ಅದರಲ್ಲಿ ಏನಿದೆ, ಏನಿಲ್ಲ. ಏನಿದೆಯೆಂದು ಬರೆಯಲು ಪುಸ್ತಕ ಓದಬೇಕು. ಏನಿಲ್ಲವೆಂದು ಬರೆಯಲು ಸಾಮಾಜಿಕ ಕಾಳಜಿ ಇದ್ದರೆ ಸಾಕು. ನನ್ನಲ್ಲಿ ಕಾಳಜಿ ಧಾರಾಳವಾಗಿತ್ತು. ಅಥಣಿಯ ವಾಚನಾಲಯದ ಕಪಾಟು, ನಿಪ್ಪಾಣಿಯ ಗೆಳೆಯನ ಅಟ್ಟ, ರಾಯಬಾಗದ ನಿವೃತ್ತ ಮಾಸ್ತರರೊಬ್ಬರ ಟ್ರಂಕು, ಎಲ್ಲವನ್ನೂ ಜಾಲಾಡಿ ತಂದ ಪುಸ್ತಕಗಳ ಅನ್ಯಾಯಗಳನ್ನು ಒಂದೊಂದಾಗಿ ಹೆಸರಿಸಿದೆ. ಕುರಿಗಳ ಕಾಲುಬಾಯಿ ರೋಗದ ಕೈಪಿಡಿಯೊಂದಕ್ಕೆ ‘ವರ್ಗಪ್ರಶ್ನೆಯನ್ನು ಉದ್ದೇಶಪೂರ್ವಕವಾಗಿ ಬದಿಗಿರಿಸಲಾಗಿದೆ’ ಎಂದು ಬರೆದದ್ದು ಈಗ ನೆನಪಾದರೆ, ಆ ಕುರಿಗಳ ಕ್ಷಮೆ ಕೇಳಬೇಕೆನಿಸುತ್ತದೆ.

ಕಾಲೇಜಿನಲ್ಲಿ ನನ್ನ ತಾತ್ಕಾಲಿಕ ಹುದ್ದೆ ಉಳಿಯಬೇಕಾದರೆ ಪ್ರಬಂಧ ಸೋಮವಾರ ಸಲ್ಲಿಕೆಯಾಗಬೇಕಿತ್ತು. ಶನಿವಾರ ಮುಂಜಾನೆ ಕೊನೆಯ ಪುಟಗಳ ಟೈಪು ನಡೆದಿತ್ತು. ಮಾಲುತಾಯಿ ಜುಗೂಳದ ಕುರಿಗಾರ ಮನೆತನದವರು. ಅಂದು ಸಂಜೆ ಊರಿನಲ್ಲಿ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಮಧ್ಯಾಹ್ನದ ಬಸ್ಸು ಹಿಡಿಯಬೇಕೆಂದು ಚೀಲವನ್ನು ಕಾಲ ಬಳಿಯೇ ಇಟ್ಟುಕೊಂಡಿದ್ದರು. ಯಂತ್ರದ ಸದ್ದು ತಟ್ಟನೆ ನಿಂತಿತು.

“ಸರ, ಮೂವತ್ತೇಳನೇ ಪುಸ್ತಕಾನ ಭಾಳ ಹೊಗಳೀರಿ. ಎಪ್ಪತ್ತೊಂದನೇದ್ದಕ್ಕ ಬಾಯಿಗೆ ಬಂದಂಗ ಬೈದೀರಿ.”

“ವಿಮರ್ಶಕ ನಿರ್ದಾಕ್ಷಿಣ್ಯವಾಗಿರಬೇಕು, ಮಾಲುತಾಯಿ.”

“ಇರ್ರಿ, ಯಾರ ಬ್ಯಾಡ ಅಂತಾರ! ಆದ್ರ ಎರಡೂ ಒಂದ ಪುಸ್ತಕ ಅದಾವಲ್ರಿ. ಎಪ್ಪತ್ತೊಂದನೇದ್ದು ಮರಾಠಿ ಮೂಲ, ಮೂವತ್ತೇಳನೇದ್ದು ಅದರ ಕನ್ನಡ ಅನುವಾದ.”

ಕನ್ನಡ ಪ್ರತಿಯ ಶೀರ್ಷಿಕೆಯ ಹಾಳೆ ಹರಿದುಹೋಗಿತ್ತು. ರಟ್ಟು ಕಟ್ಟಿದವನು ಹೊದಿಕೆಯ ಮೇಲೆ ಬರೆದಿದ್ದ ಅನುವಾದಕರ ಹೆಸರನ್ನೇ ನಾನು ಲೇಖಕರದೆಂದು ನಂಬಿದ್ದೆ. ಮುನ್ನುಡಿಯಷ್ಟನ್ನು ಓದಿ ‘ಹೆಣ್ಣಿನ ದುಡಿಮೆಗೆ ದನಿ ಕೊಟ್ಟ ದಿಟ್ಟ ಕೃತಿ’ ಎಂದಿದ್ದೆ. ಮರಾಠಿಯದನ್ನು ಅಷ್ಟೂ ಓದಿರಲಿಲ್ಲ. ನಮ್ಮ ಗಡಿಯ ಎಲ್ಲರಂತೆ ನಾನೂ ಮರಾಠಿಯಲ್ಲಿ ಜಗಳವಾಡಬಲ್ಲೆ. ಆದರೆ ಬಸ್ಸಿನ ಬೋರ್ಡಿಗಿಂತ ಉದ್ದನೆಯ ಮರಾಠಿ ಕಂಡರೆ ಕಣ್ಣು ಎಳೆಯುತ್ತದೆ. ಹೀಗಾಗಿ ಅದಕ್ಕೆ ‘ಹೆಣ್ಣಿನ ದುಡಿಮೆಯ ಬಗ್ಗೆ ಅಪರಾಧಿ ಮೌನ’ ಎಂಬ ಶಿಕ್ಷೆ ವಿಧಿಸಿದ್ದೆ.

“ನಮ್ಮಪ್ಪ ಇದನ್ನ ಮನ್ಯಾಗ ಓದಿ ಹೇಳ್ತಿದ್ದರಿ. ಉಣ್ಣಿ ನೂಲೂ ಮುದುಕೀದು ಒಂದ ಪೂರಾ ಪ್ರಕರಣ ಐತಿ. ನಮ್ಮ ಆಯಿ ಕೇಳಿ ಅಳತಿದ್ಳು. ನೀವು ಮೌನ ಅಂತೀರಿ. ಓದೀರೋ ಇಲ್ಲೋ?”

“ನೋಡಿದ್ದೇನೆ” ಎಂದೆ.

“ನೋಡೂದು ಕನ್ಯಾರಿ, ಸರ. ಪುಸ್ತಕಾ ಓದ್ತಾರ.”

ಬಾಹ್ಯ ಪರೀಕ್ಷಕರು ಗಡಿಯಾಚೆಯವರು, ಮರಾಠಿಯ ವಿದ್ವಾಂಸರು. ಈ ಎರಡು ಟಿಪ್ಪಣಿಗಳು ಅವರ ಕಣ್ಣಿಗೆ ಬಿದ್ದಿದ್ದರೆ ಪ್ರಬಂಧದ ಜೊತೆ ನೌಕರಿಯೂ ಹೋಗುತ್ತಿತ್ತು. ಬೀಳಲಿಲ್ಲವಲ್ಲ! ನಾನು ನಿಟ್ಟುಸಿರು ಬಿಟ್ಟ ರಭಸಕ್ಕೆ ಮೇಜಿನ ಮೇಲಿದ್ದ ಕಾರ್ಬನ್ ಹಾಳೆ ಹಾರಿ ನೆಲಕ್ಕೆ ಬಿತ್ತು.

ಮಾಲುತಾಯಿ ಎರಡೂ ಪ್ರತಿಗಳನ್ನು ನನ್ನ ಚೀಲದಿಂದ ತೆಗೆಸಿ, ಪಕ್ಕಪಕ್ಕದಲ್ಲಿಟ್ಟು ಪುಟ ತಿರುವಿದರು. “ನೋಡ್ರಿ, ಕನ್ನಡದಾಗ ಮುದುಕಿ ಪ್ರಕರಣ ಅರ್ಧಕ್ಕ ಹಾರಿಸ್ಯಾರ.” ಅಂದರೆ ನಾನು ಬೈದದ್ದರಲ್ಲಿ ದನಿಯಿತ್ತು, ಹೊಗಳಿದ್ದರಲ್ಲಿ ಮೌನವಿತ್ತು. ಅವರು ಬಾಯಲ್ಲಿ ಹೇಳುತ್ತ ಕೈಯಲ್ಲಿ ಹೊಡೆಯುತ್ತ ಎರಡೂ ಟಿಪ್ಪಣಿಗಳನ್ನು ಹೊಸದಾಗಿ ಮಾಡಿದರು. ಸಾಲುಗಳು ಹೆಚ್ಚಿದ್ದರಿಂದ ಮುಂದಿನ ಪುಟಗಳನ್ನೂ ಮತ್ತೆ ಟೈಪು ಮಾಡಬೇಕಾಯಿತು. ನಾನು ಚಹಾ ತರಿಸಿ ಕುಳಿತೆ.

“ಹೆಣ್ಮಕ್ಕಳ ದುಡಿಮಿ ಯಾರಿಗೂ ಕಾಣಂಗಿಲ್ಲ ಅಂತ ಬರದೀರಿ” ಎಂದರು, ಕೀಲಿಗಳಿಂದ ಕಣ್ಣೆತ್ತದೆ. “ಖರೇ ಐತ್ರಿ. ಎದುರಿಗೆ ಕುಂತವ್ರಿಗೂ ಕಾಣಂಗಿಲ್ಲ.”

ಮಧ್ಯಾಹ್ನದ ಬಸ್ಸು ಹೋಯಿತು. ಕೂಸಿಗೆ ಹೆಸರಿಟ್ಟಾಗ ಮಾಲುತಾಯಿ ಇನ್ನೂ ಕಾಗವಾಡದ ದಾರಿಯಲ್ಲಿದ್ದರು.

ಪ್ರಬಂಧ ಸೋಮವಾರ ತಲುಪಿತು. ಮೌಖಿಕ ಪರೀಕ್ಷೆಯಲ್ಲಿ ಗಡಿಯಾಚೆಯ ವಿದ್ವಾಂಸರು ಕನ್ನಡಕ ಸರಿಪಡಿಸಿಕೊಂಡು, “ಈ ನೂರರಲ್ಲಿ ಮೂವತ್ತೇಳನೆಯ ಮತ್ತು ಎಪ್ಪತ್ತೊಂದನೆಯ ಟಿಪ್ಪಣಿಗಳು ಮಾತ್ರ ಪುಸ್ತಕ ಓದಿದವರು ಬರೆದಂತಿವೆ” ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ನೌಕರಿ ಉಳಿಯಿತು. ಕೃತಜ್ಞತೆಯ ಪುಟ ಮೊದಲೇ ಟೈಪಾಗಿತ್ತಾದ್ದರಿಂದ ಅದರಲ್ಲಿ ಮಾಲುತಾಯಿಯ ಹೆಸರಿಲ್ಲ. ಇದು ಅನ್ಯಾಯ, ಹೆಸರಿಸಿದ್ದೇನೆ.

ಆದುದರಿಂದ ವಿಶ್ವವಿದ್ಯಾಲಯದ ಸಂಶೋಧನಾ ಮಂಡಳಿಯ ಸದಸ್ಯರಲ್ಲಿ ನನ್ನ ಸ್ಪಷ್ಟ ಆಗ್ರಹವಿದು: ಗ್ರಂಥಸೂಚಿಯ ಪ್ರತಿ ಟಿಪ್ಪಣಿಯ ಕೆಳಗೆ, ಪುಸ್ತಕವನ್ನು ನಿಜವಾಗಿ ಓದಿದವರ ಸಹಿ ಕಡ್ಡಾಯವಾಗಬೇಕು. ಮುಂದಿನ ಸಭೆಯಲ್ಲಿಯೇ ಈ ನಿಯಮವನ್ನು ಅಂಗೀಕರಿಸಿ, ಅದು ಈಗಾಗಲೇ ಪದವಿ ಪಡೆದವರಿಗೆ ಯಾವ ಕಾರಣಕ್ಕೂ ಅನ್ವಯಿಸುವುದಿಲ್ಲವೆಂದು ಅದೇ ಠರಾವಿನಲ್ಲಿ ದಪ್ಪ ಅಕ್ಷರಗಳಲ್ಲಿ ನಮೂದಿಸತಕ್ಕದ್ದು.